ಎಲೆಗೊಂದು ಬಾಟಲ್

ಮಗಳ ಮದುವೆಗೆ ನೀರಿನ ಬಾಟಲ್ ಹಾಕಿಸುವುದಿಲ್ಲ ಅಂತ ನಾನು ಹೇಳಿದ ರಾತ್ರಿ ನಮ್ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಯಜಮಾನರು ಸಾರನ್ನ ಮುಟ್ಟದೆ ನೇರ ಮಜ್ಜಿಗೆಗೆ ಬಂದರು. ಅಣ್ಣ ಫೋನಿನಲ್ಲೇ ರೇಗಿದ. "ಎಂಟುನೂರು ಜನ ಬರ್ತಾರೆ ಕಣೇ. ಬಂದೋರಿಗೆ ನಲ್ಲಿ ನೀರು ಕುಡಿಸ್ತೀಯಾ? ಬೀಗರ ಮುಂದೆ ನಮ್ಮ ಮರ್ಯಾದೆ ಏನಾಗಬೇಕು?"

ಛತ್ರ, ಒಡವೆ, ಸೀರೆ, ವಾಲಗ, ಯಾವುದಕ್ಕೂ ಇಷ್ಟು ರಂಪ ಆಗಿರಲಿಲ್ಲ. ಎಲ್ಲ ಸಲೀಸಾಗಿ ಮುಗಿದು ಅಡುಗೆಯವರ ಪಟ್ಟಿಯ ಕೊನೇ ಸಾಲಿಗೆ ಬಂದಿದ್ದೆವು. 'ವಾಟರ್ ಬಾಟಲ್ 250 ಎಂಎಲ್ – 1,600'. ಎರಡು ಹೊತ್ತಿನ ಊಟಕ್ಕೆ, ಎಲೆಗೊಂದು. ಒಂದಕ್ಕೆ ಆರು ರೂಪಾಯಿ. ಒಟ್ಟು 9,600. ಹೂವಿನ ಮಂಟಪದ ಒಂದು ಕಂಬಕ್ಕೂ ಸಾಲದ ದುಡ್ಡು ಅದು. ಆದರೂ ಆ ಸಾಲಿನ ಮೇಲೆ ನಾನು ಗೆರೆ ಎಳೆದೆ.

ಎಳೆಯೋಕೆ ಒಂದು ಕಾರಣ ಇತ್ತು. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮೊಮ್ಮಗನ ಮದುವೆ. ಊಟ ಆದಮೇಲೆ ಕೈ ತೊಳೆಯಲು ಹೋದರೆ ಕೊಳಾಯಿಗಳ ಮುಂದೆ ಜನ. ಪಕ್ಕದ ಬಾಗಿಲಿನಿಂದ ಹಿತ್ತಲಿಗೆ ಇಳಿದೆ. ಅಲ್ಲಿ ಎಲೆ ಎತ್ತುವ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಬಾಟಲಿನ ಗುಡ್ಡೆ. ಒಂದೊಂದನ್ನೇ ಎತ್ತಿ, ಮುಚ್ಚಳ ತಿರುಗಿಸಿ, ನೀರನ್ನು ನೀಲಿ ಡ್ರಮ್ಮಿಗೆ ಸುರಿದು, ಬಾಟಲನ್ನು ಹಿಮ್ಮಡಿಯಲ್ಲಿ ತುಳಿದು ಚೀಲಕ್ಕೆ ಹಾಕುತ್ತಿದ್ದರು. ಮುಚ್ಚಳ ಬೇರೆ ಡಬ್ಬಕ್ಕೆ. ಅರ್ಧ ಕುಡಿದವು, ಎರಡು ಗುಟುಕು ಕುಡಿದವು. ಸೀಲೇ ಒಡೆಯದವನ್ನು ಸೆರಗಿನ ಹತ್ತಿರ ಬೇರೆ ಇಟ್ಟುಕೊಂಡಿದ್ದರು.

"ಯಾಕಮ್ಮ ಡ್ರಮ್ಮಿಗೆ ಹಾಕ್ತೀರಾ?" ಅಂದೆ.

"ನೀರಿದ್ರೆ ಗುಜರಿಯವ್ನು ತೂಕಕ್ಕೆ ಹಾಕಲ್ಲ ಅಕ್ಕಾ. ಚೆಲ್ಲೋಣ ಅಂದ್ರೆ ಮನಸ್ ಬರಲ್ಲ. ನಮ್ ಬೀದಿಗೆ ಮೂರು ದಿನಕ್ಕೊಂದ್ಸಲ ಬಿಡ್ತಾರೆ. ಪಾತ್ರೆ ತೊಳ್ಯಕ್ಕಾದ್ರೂ ಆಯ್ತದೆ."

ಡ್ರಮ್ಮು ಅರ್ಧಕ್ಕಿಂತ ಮೇಲೆ ತುಂಬಿತ್ತು. ನೀರಿನ ಮೇಲೆ ಒಂದು ಕರಿಬೇವಿನ ಎಲೆ, ನಾಲ್ಕಾರು ಸಾಸಿವೆ ತೇಲುತ್ತಿದ್ದವು. ಯಾವುದೋ ಊರಿನ ಬೋರ್‌ವೆಲ್ಲಿನಿಂದ ಎತ್ತಿದ ನೀರು. ಆರ್‌ಓ ಯಂತ್ರದಲ್ಲಿ ಹಾಯಿಸಿ, ಅದರಲ್ಲಿ ಒಂದು ಪಾಲು ಚರಂಡಿಗೆ ಬಿಟ್ಟು, ಉಳಿದದ್ದಕ್ಕೆ ಓಜೋನ್ ಕೊಟ್ಟು, ಬಾಟಲಿಗೆ ತುಂಬಿ, ಸೀಲ್ ಹಾಕಿ, ಲಾರಿಯಲ್ಲಿ ತಂದು ಎಲೆ ಮುಂದೆ ಇಟ್ಟಿದ್ದರು. ಅಲ್ಲಿ ಅದು ಇದ್ದದ್ದು ಇಪ್ಪತ್ತು ನಿಮಿಷ. ಕೊನೆಗೆ ಪಾತ್ರೆ ತೊಳೆಯಲು ಡ್ರಮ್ಮಿಗೆ. ಚೀಲದ ಮೇಲುಗಡೆ ಇದ್ದ ಬಾಟಲ್ ಒಂದರ ಮೇಲೆ ವಧೂವರರ ಫೋಟೋ ಇತ್ತು. ಈಗ ಅದೂ ಒಂದು ಶೋಕಿ, ಲೇಬಲ್ಲಿನ ಮೇಲೆ ಹುಡುಗ-ಹುಡುಗಿ ಮುಖ ಅಚ್ಚು ಹಾಕಿಸೋದು. ಆ ಹೆಂಗಸಿನ ಹಿಮ್ಮಡಿ ಸರಿಯಾಗಿ ಮದುಮಗನ ಮೂಗಿನ ಮೇಲೆ ಬಿದ್ದಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹಾಗಾಗಿ ನಮ್ಮಣ್ಣ ನನ್ನ ಮಾತನ್ನೆಲ್ಲ "ನಿನ್ನ ಪಾಠ" ಅಂತಲೇ ಕರೆಯೋದು. ಅವನ ವಾದ ಒಂದೇ: ಬಾಟಲ್ ಅಂದರೆ ಸೇಫು. ಅದು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ನಾವೆಲ್ಲ 'ಮಿನರಲ್ ವಾಟರ್' ಅಂತ ಕರೆಯುವುದರ ಮೇಲೆ ಏನು ಬರೆದಿದೆ ಅಂತ ಒಮ್ಮೆ ಓದಿ. 'ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್' ಅಂತಿರುತ್ತೆ, ಕೆಳಗೆ ಗುಣಮಟ್ಟದ ನಂಬರು, ಐಎಸ್ 14543. ನಿಜವಾದ ನ್ಯಾಚುರಲ್ ಮಿನರಲ್ ವಾಟರಿನ ನಂಬರೇ ಬೇರೆ, ಐಎಸ್ 13428. ಮೊದಲನೆಯದು ಬೋರಿನ ನೀರೂ ಆಗಬಹುದು, ನಲ್ಲಿ ನೀರೂ ಆಗಬಹುದು, ಶುದ್ಧ ಮಾಡಿ ತುಂಬಿದರೆ ಸರಿ. ಈ ಬಾಟಲ್ ನೀರನ್ನೇ 2024ರ ಕೊನೆಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿದರು. ಅದೇ ವರ್ಷದ ಶುರುವಿನಲ್ಲಿ ಅಮೆರಿಕದ ಕೊಲಂಬಿಯಾ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯದವರು ಅಲ್ಲಿನ ಮೂರು ಬ್ರಾಂಡಿನ ಬಾಟಲ್ ನೀರನ್ನು ಪರೀಕ್ಷೆ ಮಾಡಿ, ಲೀಟರಿಗೆ ಸರಾಸರಿ 2,40,000 ಪ್ಲಾಸ್ಟಿಕ್ ಕಣ ಇವೆ ಅಂತ ಎಣಿಸಿದ್ದರು. ಹೆಚ್ಚಿನವು ನ್ಯಾನೋ, ಕಣ್ಣಿಗೆ ಕಾಣದ ಗಾತ್ರದವು. ಇದನ್ನು ಅಣ್ಣನಿಗೆ ಹೇಳಿದಾಗ ಅವನು, "ಕಾಣಲ್ಲ ತಾನೆ, ಬಿಡು" ಅಂದ.

ನಿಜ ಹೇಳಬೇಕಂದರೆ ಸೇಫ್ಟಿ ಬರೀ ನೆಪ. ಇದು ಮರ್ಯಾದೆಯ ವಿಷಯ. ಹೋಟೆಲಿಗೆ ಹೋದರೆ ಮೊದಲ ಪ್ರಶ್ನೆಯೇ "ಬಾಟಲ್ ವಾಟರಾ, ನಾರ್ಮಲ್ ವಾಟರಾ?" ಅಂತ. 'ನಾರ್ಮಲ್' ಅನ್ನುವಾಗ ನನ್ನ ದನಿ ತಾನಾಗಿಯೇ ಒಂದು ಮೆಟ್ಟಿಲು ಇಳಿಯುತ್ತೆ. ಜೊತೆಗೆ ನೆಂಟರಿದ್ದರೆ ಎರಡು ಮೆಟ್ಟಿಲು. ನಾನು ಚಿಕ್ಕವಳಿದ್ದಾಗ ಸಪ್ಲೈಯರ್ ಒಂದೇ ಕೈಯಲ್ಲಿ ನಾಲ್ಕು ಲೋಟ ಹಿಡಿದು, ನಾಲ್ಕು ಬೆರಳು ನೀರಿನಲ್ಲಿ ಅದ್ದಿಕೊಂಡೇ ತಂದು ಟಕ್ ಅಂತ ಇಡುತ್ತಿದ್ದ. ಆ ಬೆರಳಿನ ಬಗ್ಗೆ ನಮ್ಮಪ್ಪ ದಿನಾ ಬೈದುಕೊಂಡೇ ಕುಡಿಯುತ್ತಿದ್ದರು. ಈಗ ಆ ಬೆರಳಿಲ್ಲ, ಬೈಗುಳವೂ ಇಲ್ಲ, ಬಾಟಲಿನ ಬಿಲ್ಲು ಇದೆ.

ನಮ್ಮ ದೊಡ್ಡಮ್ಮನ ವಿಷಯ ಇಲ್ಲಿ ಹೇಳಲೇಬೇಕು. ಮಡಿ ಅಂದರೆ ಮಡಿ. ರೈಲಿನಲ್ಲಿ ಹೋದರೆ ತಿರುಪಿನ ಮುಚ್ಚಳದ ಹಿತ್ತಾಳೆ ಕೂಜದಲ್ಲಿ ಮನೆ ಬಾವಿ ನೀರು. ಇಳಿಯುವ ತನಕ ಅದೇ ಆಗಬೇಕು, ಮುಗಿದರೆ ಬಾಯಾರಿಕೊಂಡೇ ಕೂರುವರು. ಸ್ಟೇಷನ್ನಿನ ನಲ್ಲಿ ಯಾರ್ಯಾರೋ ಮುಟ್ಟಿದ್ದು. ಅಂಥ ದೊಡ್ಡಮ್ಮ ತೊಂಬತ್ತರ ಹತ್ತಿರ ಬಂದಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಯಾರು ಮಾರಿದ ಬಾಟಲನ್ನಾದರೂ ನಿಶ್ಚಿಂತೆಯಿಂದ ಕುಡಿಯಲು ಶುರು ಮಾಡಿದರು. ತುಂಬಿದವರು ಯಾರು, ಮಾರಿದವರು ಯಾರು, ಒಂದೂ ಕೇಳುತ್ತಿರಲಿಲ್ಲ. ಮುಚ್ಚಳ ತಿರುಗಿಸಿದಾಗ ಕಟ್ ಅಂತ ಸದ್ದು ಬಂದರೆ ಆಯ್ತು. "ಸೀಲ್ ಒಡೆದಿಲ್ಲ ನೋಡು" ಅನ್ನುವರು. ನನಗೆ ಆ ಸದ್ದು ಕೇಳಿದಾಗಲೆಲ್ಲ ನಗು ಬರೋದು. ಮಡಿ ಎಲ್ಲಿಗೂ ಹೋಗಿಲ್ಲ, ಮುಚ್ಚಳದೊಳಗೆ ಸೇರಿಕೊಂಡಿದೆ ಅಷ್ಟೇ.

ಆದರೆ ಇದು ಬರೀ ನಗುವ ವಿಷಯ ಅಲ್ಲ. ಈ ದೇಶದಲ್ಲಿ ಯಾವ ನೀರನ್ನು ಯಾರು ಮುಟ್ಟಬೇಕು ಅನ್ನೋದಕ್ಕೆ ದೊಡ್ಡ ಜಗಳಗಳೇ ಆಗಿವೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿಯೋಕೆ ಸಾವಿರಾರು ಜನರ ಜೊತೆ ಹೋಗಬೇಕಾಯಿತು. ಬೀದಿ ನಲ್ಲಿ ಬಂದಾಗ ಅದರ ಮುಂದಿನ ಸಾಲಿನಲ್ಲಿ ಜಗಳ ಆಡಿಕೊಂಡಾದರೂ ಎಲ್ಲರ ಬಿಂದಿಗೆಗಳೂ ಒಟ್ಟಿಗೆ ನಿಂತವು. ನಮ್ಮ ಬೀದಿಯಲ್ಲಿ ಹಾಗೆ ನಿಂತದ್ದನ್ನು ನಾನೇ ನೋಡಿದ್ದೇನೆ. ಈಗ ಆ ಸಾಲಿನಿಂದ ಮೊದಲು ಹೊರಗೆ ಬಂದವರು ಯಾರು? ದುಡ್ಡಿದ್ದವರು. ಅಂದರೆ ನಾವೇ.

ಇಷ್ಟೆಲ್ಲ ಹೇಳುವ ನಾನು ಏನು ಮಾಡಿದ್ದೆ ಅನ್ನೋದನ್ನೂ ಹೇಳಬೇಕಲ್ಲ.

2010ರಿಂದ ಐದು ವರ್ಷ ಪಾವಗಡ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಅಲ್ಲಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದರೂ 1.5 ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತೆ, ಇನ್ನೂ ಜಾಸ್ತಿಯಾದರೆ ಮೂಳೆ ಹಿಡಿದುಕೊಳ್ಳುತ್ತೆ. ಕುದಿಸಿದರೆ ಹೋಗಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತೆ, ಇನ್ನಷ್ಟು ಗಟ್ಟಿ. ನನ್ನ ಕ್ಲಾಸಿನ ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಮೊದಲು ನಾಚಿಕೆ ಅಂದುಕೊಂಡಿದ್ದೆ. ಹಲ್ಲು ಮುಚ್ಚಿಕೊಳ್ಳುತ್ತಿದ್ದರು ಅಂತ ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ನಾವು ಆರು ಜನ ಟೀಚರುಗಳು ಸೇರಿ 20 ಲೀಟರಿನ ಕ್ಯಾನ್ ಹಾಕಿಸಿಕೊಳ್ಳುತ್ತಿದ್ದೆವು. ತಪ್ಪು ಅಂತ ಈಗಲೂ ಅನಿಸಲ್ಲ. ಅಲ್ಲಿ ನಲ್ಲಿ ನೀರು ಕುಡಿಯಿರಿ ಅಂತ ನೀತಿ ಹೇಳುವುದು ಪಾಪದ ಕೆಲಸ. ಒಂದು ದಿನ ಎಂಟನೇ ಕ್ಲಾಸಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಿಸ್, ಆ ನೀರು ಒಂದು ಲೋಟ ಕೊಡ್ತೀರಾ?" ಅಂದಳು. ಕೊಟ್ಟೆ. ಮರುದಿನ ನಾಲ್ಕು ಜನ ಬಂದರು. ಅದರ ಮರುದಿನ ಹತ್ತು. ಮೂರು ದಿನಕ್ಕೆ ಬರಬೇಕಾದ ಕ್ಯಾನ್ ಮಧ್ಯಾಹ್ನಕ್ಕೇ ಖಾಲಿ. ನಾಲ್ಕನೇ ದಿನ ನಾವು ಕ್ಯಾನನ್ನು ಒಳಗಿನ ಕೋಣೆಗೆ, ಪರೀಕ್ಷೆ ಪೇಪರ್ ಇಡುವ ಬೀರುವಿನ ಪಕ್ಕಕ್ಕೆ ಸರಿಸಿದೆವು. ಸರಿಸಿದವರಲ್ಲಿ ಕ್ಯಾನಿನ ಒಂದು ತುದಿ ಹಿಡಿದವಳು ನಾನೇ.

ಆ ಹುಡುಗಿ ಮತ್ತೆ ಕೇಳಲಿಲ್ಲ. ನನ್ನನ್ನು ಈಗಲೂ ಚುಚ್ಚುವುದು ಅದಕ್ಕಿಂತ ಬೇರೆ ಒಂದು ವಿಷಯ. ಆ ನೀರಿನ ಬಗ್ಗೆ ಪಂಚಾಯ್ತಿಗೋ ತಾಲ್ಲೂಕು ಆಫೀಸಿಗೋ ನಾವು ಆರು ಜನರಲ್ಲಿ ಒಬ್ಬರೂ ಒಂದು ಅರ್ಜಿ ಬರೆಯಲಿಲ್ಲ. ಬರೆಯಬೇಕು ಅಂತ ಹೊಳೆಯಲೇ ಇಲ್ಲ. ನಮಗೆ ಬಾಯಾರಿಕೆ ಇರಲಿಲ್ಲವಲ್ಲ. ನಾನು ವರ್ಗಾವಣೆ ಆಗಿ ಹೊರಡುವ ಹೊತ್ತಿಗೆ ಆ ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು, ನಾಣ್ಯ ಹಾಕಿದರೆ ಬಿಂದಿಗೆ ತುಂಬುವಂಥದ್ದು. ಅದಕ್ಕಾಗಿ ಓಡಾಡಿದವರು ಊರಿನ ಹೆಂಗಸರು. ನಾವಲ್ಲ.

ಸರಿ, ಮೈಸೂರಿಗೆ ಬರೋಣ. ಇದು ಪಾವಗಡ ಅಲ್ಲ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಕಾವೇರಿ ನೀರು, ಬಿದರಗೂಡಿನಿಂದ ಕಬಿನಿ ನೀರು. ಮಕ್ಕಳನ್ನು ನೀರು ಶುದ್ಧೀಕರಣ ಘಟಕಕ್ಕೆ ಕರೆದುಕೊಂಡು ಹೋಗಿದ್ದೇನೆ. ಪಟಿಕ ಹಾಕಿದ ನೀರಿನಲ್ಲಿ ಕೆಸರು ಹಿಂಜಿದ ಹತ್ತಿಯ ಹಾಗೆ ಗಂಟುಗಂಟಾಗಿ ತಳಕ್ಕೆ ಇಳಿಯುವುದನ್ನು ನೋಡುತ್ತ ಹುಡುಗರು ಮಾತು ನಿಲ್ಲಿಸಿದ್ದರು. ಒಂಬತ್ತನೇ ಕ್ಲಾಸಿನವರನ್ನು ಬೇರೆ ಯಾವುದೂ ಹಾಗೆ ಸುಮ್ಮನಾಗಿಸಿದ್ದು ನನಗೆ ನೆನಪಿಲ್ಲ. ಆಮೇಲೆ ಮರಳಿನ ಸೋಸುಕ, ಆಮೇಲೆ ಕ್ಲೋರಿನ್. ಘಟಕದಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತೆ. ಕೆಡುವುದು ದಾರಿಯಲ್ಲಿ. ಒಡೆದ ಪೈಪು, ಪಕ್ಕದಲ್ಲೇ ಹರಿಯುವ ಚರಂಡಿ, ತೊಳೆಯದ ಟ್ಯಾಂಕು.

ಕೆಟ್ಟರೆ ಏನಾಗುತ್ತೆ ಅಂತಲೂ ಗೊತ್ತಿದೆ. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ. 2024ರ ಮೇ ತಿಂಗಳಲ್ಲಿ ಇಲ್ಲೇ, ಮೈಸೂರಿನ ಮಗ್ಗುಲಿನ ಸಾಲುಂಡಿಯಲ್ಲಿ. ಅಲ್ಲಿ ಕಾಯಿಲೆ ಬಿದ್ದವರು ಬಾಟಲ್ ಕೊಳ್ಳುವ ಜನ ಅಲ್ಲ. ಎಂಟುನೂರು ಜನರಿಗೆ ನೀರು ಕೊಡುತ್ತೇನೆ ಅಂತ ಹಟ ಹಿಡಿದ ಮೇಲೆ ಈ ಮೂರು ಊರುಗಳ ಹೆಸರು ರಾತ್ರಿ ನಿದ್ದೆಯಲ್ಲೂ ಬರುತ್ತಿದ್ದವು. ಬಾಟಲ್ ಬೇಡ ಅನ್ನೋದು ಸುಲಭ. ಆಮೇಲೆ ಆ ನೀರಿಗೆ ಜವಾಬು ಕೊಡೋರು ನಾವೇ ಅಲ್ವಾ.

ಮದುವೆಗೆ ಮೂರು ವಾರ ಇದ್ದಾಗ ಪರ್ಸಿನಲ್ಲಿ ಎರಡು ಪುಟ್ಟ ಸೀಸೆ ಇಟ್ಟುಕೊಂಡು ಛತ್ರಕ್ಕೆ ಹೋದೆ. ಎಚ್‌ಟುಎಸ್ ಸೀಸೆ ಅನ್ನುತ್ತಾರೆ. ಒಳಗೆ ಒಂದು ಪುಡಿ ಇರುತ್ತೆ. ಗೆರೆ ತನಕ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ನೀರಿಗೆ ಮಲದ ಸಂಪರ್ಕ ಆಗಿದೆ ಅಂತ ಅನುಮಾನ ಪಡಬೇಕು. ಒಂದಕ್ಕೆ ಗೇಟಿನ ಹತ್ತಿರದ ನೇರ ಲೈನಿನ ನಲ್ಲಿಯಿಂದ ಹಿಡಿದೆ, ಇನ್ನೊಂದಕ್ಕೆ ಊಟದ ಹಾಲಿನ ನಲ್ಲಿಯಿಂದ. ಮನೆಗೆ ತಂದು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಮರುದಿನ ಸಂಜೆ ನೋಡಿದರೆ ನೇರ ಲೈನಿನದು ತಿಳಿ ಕಾಫಿಯ ಬಣ್ಣ, ಹಾಕಿದಾಗ ಹೇಗಿತ್ತೋ ಹಾಗೇ. ಹಾಲಿನ ನಲ್ಲಿಯದು ಕಾಡಿಗೆ.

ಅಂದರೆ ಬೀದಿಯ ಪೈಪು ಚೆನ್ನಾಗಿದೆ, ಛತ್ರದ ಟ್ಯಾಂಕು ಕೆಟ್ಟಿದೆ. ಮ್ಯಾನೇಜರನ್ನು ಕರೆದುಕೊಂಡು ತಾರಸಿ ಹತ್ತಿದೆ. ಸಿಮೆಂಟಿನ ಟ್ಯಾಂಕು, ಮುಚ್ಚಳ ಅರ್ಧ ಮುರಿದಿದೆ. ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟೆ. ಪಾರಿವಾಳದ ಗರಿಗಳು, ಒಂದು ಹವಾಯಿ ಚಪ್ಪಲಿ, ತಳದಲ್ಲಿ ಗೇಣುದ್ದ ಕೆಸರು.

"ಯಾವಾಗ ತೊಳೆಸಿದ್ದು ಇದನ್ನ?"

ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ಮೆಚ್ಚಬೇಕು. "ಐದಾರು ವರ್ಷ ಆಗಿರ್ಬೇಕು ಮೇಡಂ. ಮುಂಚೆ ಎಲ್ಲ ವರ್ಷಕ್ಕೆರಡ್ ಸಲ ತೊಳೆಸ್ತಿದ್ವಿ. ಈಗ ಯಾರ್ ಕುಡೀತಾರೆ ಹೇಳಿ? ಎಲ್ಲಾ ಬಾಟಲೇ. ಯಾರೂ ಕುಡಿಯದ್ ಮೇಲೆ ತೊಳೆಸೋದ್ಯಾಕೆ?"

ಅಲ್ಲೇ ತಾರಸಿಯ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತೆ. ಬಿಸಿಲಿತ್ತು. ನನಗೆ ಪಾವಗಡದ ಬೀರು, ಅದರ ಪಕ್ಕದ ಕ್ಯಾನು ನೆನಪಾಯಿತು. ಕೆಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಕಸ ಗುಡಿಸುವವರು, ವಾಚ್‌ಮನ್ನಿನ ಹೆಂಡತಿ, ಅವಳ ಎರಡು ಮಕ್ಕಳು, ಇವರೆಲ್ಲ ಯಾವ ನಲ್ಲಿಯಿಂದ ಕುಡಿಯುತ್ತಾರೆ? "ಯಾರೂ" ಅಂದರಲ್ಲ ಮ್ಯಾನೇಜರ್, ಆ ಲೆಕ್ಕದಲ್ಲಿ ಇವರು ಸೇರಿರಲಿಲ್ಲ.

ಟ್ಯಾಂಕು ತೊಳೆಯಲು ಇಬ್ಬರು ಬಂದರು. ಅರ್ಧ ದಿನದ ಕೆಲಸ. ಕೆಸರನ್ನು ಬಕೆಟ್ಟಿನಲ್ಲಿ ಎತ್ತಿ, ತೆಂಗಿನ ಪೊರಕೆಯಲ್ಲಿ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರು ತುಂಬಿಸಿಟ್ಟು, ಅದನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತೊಳೆದರು. ಖರ್ಚಿನಲ್ಲಿ ಅರ್ಧ ನಾನು ಕೊಟ್ಟೆ, ಅರ್ಧ ಛತ್ರದವರು ಗೊಣಗಿಕೊಂಡು ಕೊಟ್ಟರು. ಹೊಸ ಮುಚ್ಚಳ, ಮೇಲೆ ಒಂದು ದೊಡ್ಡ ಕಲ್ಲು. ಆಮೇಲೆ ಮತ್ತೆ ಸೀಸೆ ಇಟ್ಟೆ. ಕಪ್ಪಾಗಲಿಲ್ಲ. ಆರೋಗ್ಯ ಇಲಾಖೆಯ ಗೆಳತಿಯೊಬ್ಬರು ನೀರಿನಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ ಅಂತ ನೋಡುವ ಕ್ಲೋರೋಸ್ಕೋಪ್ ತಂದು ನಾಲ್ಕು ಹನಿ ಹಾಕಿ ತೋರಿಸಿದರು, ನೀರು ತಿಳಿ ಹಳದಿಯಾಯಿತು. ಮನೆ ನಲ್ಲಿಯ ಹತ್ತಿರ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು ಅಂತ ಲೆಕ್ಕ. ಉಳಿದಿತ್ತು.

ಅಷ್ಟರಲ್ಲಿ ಬೆಂಗಳೂರಿನಿಂದ ಬೀಗಿತಿಯ ಫೋನು. ಅಣ್ಣನ ಕಡೆಯಿಂದ ಸುದ್ದಿ ಹೋಗಿತ್ತು ಅಂತ ಕಾಣುತ್ತೆ.

"ತಪ್ಪು ತಿಳ್ಕೋಬೇಡಿ. ನಮ್ಮ ಕಡೆಯೋರಿಗೆ ಅಭ್ಯಾಸ ಇಲ್ಲ ನೋಡಿ, ಹೊರಗಡೆ ನೀರು."

"ಹೊರಗಡೆದಲ್ಲಮ್ಮ, ನಾವು ದಿನಾ ಕುಡಿಯೋದೇ. ಟ್ಯಾಂಕ್ ತೊಳೆಸಿದೀನಿ. ಕುದಿಸಿ, ಲಾವಂಚ ಹಾಕಿ ಆರಿಸಿಡ್ತೀವಿ."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಅವರೇ ಶುರು ಮಾಡಿದರು. 2024ರ ಮಾರ್ಚಿನಲ್ಲಿ ಅವರ ಅಪಾರ್ಟ್‌ಮೆಂಟಿನ ಎರಡೂ ಬೋರ್ ಒಣಗಿದ್ದು, ಟ್ಯಾಂಕರಿನವನು ಹೇಳಿದ್ದೇ ರೇಟು ಆಗಿದ್ದು, ಊಟಕ್ಕೆ ಕಾಗದದ ತಟ್ಟೆ ತಂದದ್ದು. ನನಗೆ ಕೇಳಲು ನಿಜಕ್ಕೂ ಬೇಜಾರಾಯಿತು. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬರಬೇಕು, ಸುಮಾರು 100 ಕಿಲೋಮೀಟರ್, ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ ಎತ್ತಬೇಕು. ಅಷ್ಟು ಕಷ್ಟಪಟ್ಟು ತಂದ ನೀರಿಗೆ 2014ರಿಂದ ಹತ್ತು ವರ್ಷ ಮನೆಗಳಿಗೆ ಮೊದಲ 8,000 ಲೀಟರಿನ ತನಕ ಸಾವಿರ ಲೀಟರಿಗೆ 7 ರೂಪಾಯಿ ಅಷ್ಟೇ ಇತ್ತು. ಒಂದು ಲೀಟರ್ ಬಾಟಲಿನ 20 ರೂಪಾಯಿಗೆ ಎರಡೂವರೆ ಸಾವಿರ ಲೀಟರಿಗಿಂತ ಜಾಸ್ತಿ ಬರುತ್ತಿತ್ತು. ಆದರೆ ಬೀಗರ ಅಪಾರ್ಟ್‌ಮೆಂಟಿಗೆ ಆ ಪೈಪೇ ಆಗ ತಲುಪಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದ ಮೇಲೆ ಅವರ ಕಡೆಗೂ ಬಂತಂತೆ. ಬಂದಮೇಲೂ ಕುಡಿಯಲು ಕ್ಯಾನೇ. "ಅಭ್ಯಾಸ" ಅಂದರು. ಕೊನೆಗೆ ಒಪ್ಪಂದ ಆಯಿತು: ಎಲೆ ಮುಂದೆ ಬಾಟಲ್ ಇಲ್ಲ, ಆದರೆ ಸ್ಟೋರಿನಲ್ಲಿ ನಾಲ್ಕು ಕೇಸು ಇರುತ್ತೆ, ಕೇಳಿದವರಿಗೆ ಕೊಡುತ್ತೇವೆ. ನನಗೆ ಅದು ಸೋಲು ಅಂತ ಅನಿಸಲಿಲ್ಲ. ಬಸುರಿಯರು, ಜ್ವರ ಬಿಟ್ಟವರು, ಹೆದರಿದವರು ಇದ್ದೇ ಇರುತ್ತಾರೆ.

ಅಡುಗೆ ಭಟ್ಟರು ಬೇರೆ ಥರ ಕಾಡಿದರು. "ನೀರು ಕುದಿಸೋಕೆ ಗ್ಯಾಸ್ ಯಾರದ್ದಮ್ಮಾ?" ನ್ಯಾಯವಾದ ಪ್ರಶ್ನೆ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಎಂಟುನೂರು ಜನಕ್ಕೆ ಒಂದು ಹೊತ್ತಿಗೆ 200 ಲೀಟರ್, ಎರಡು ಹೊತ್ತಿಗೆ 400. ಅದನ್ನು ಕುದಿಬಿಂದುವಿಗೆ ತರಲು, ಒಲೆಯಲ್ಲಿ ಅರ್ಧ ಶಾಖ ಪೋಲಾಗುತ್ತೆ ಅಂತಿಟ್ಟುಕೊಂಡರೆ, ಐದಾರು ಕೆಜಿ ಗ್ಯಾಸು. ಬಾಟಲ್ ಬೇಡ ಅಂದದ್ದಕ್ಕೆ ನಾನು ಭೂಮಿಯನ್ನು ಉಳಿಸಿಬಿಟ್ಟೆ ಅಂತ ಬೀಗುವ ಹಾಗಿಲ್ಲ. ಪರೀಕ್ಷೆ ಆದಮೇಲೆ ಕುದಿಸುವ ಅಗತ್ಯವೂ ಇರಲಿಲ್ಲ. ಅದನ್ನು ಮಾಡಿದ್ದು 'ಕುದಿಸಿದ ನೀರು' ಅನ್ನುವ ಎರಡು ಮಾತಿಗೋಸ್ಕರ. ಜೊತೆಗೆ ಲೋಟ ತೊಳೆಯಲು ಇಬ್ಬರು ಹೆಂಗಸರು ಜಾಸ್ತಿ, ಅವರ ಕೂಲಿ, ತೊಳೆಯುವ ನೀರು. ಎಲ್ಲ ಕೂಡಿದರೆ ಬಾಟಲಿನ ದುಡ್ಡಿನಲ್ಲಿ ಏನೂ ಉಳಿಯಲಿಲ್ಲ. ಅಣ್ಣ ಅದನ್ನು ಇವತ್ತಿಗೂ ಆಡಿ ತೋರಿಸುತ್ತಾನೆ. ಆ ದುಡ್ಡು ಹೋದ ಜಾಗ ಬೇರೆ ಅಂತ ನಾನು ಹೇಳಿದರೆ, "ಪಾಠ" ಅನ್ನುತ್ತಾನೆ.

ಲೋಟಗಳು ಛತ್ರದ ಉಗ್ರಾಣದಲ್ಲೇ ಸಿಕ್ಕವು. ಗೋಣಿಚೀಲದಲ್ಲಿ ಕಟ್ಟಿಟ್ಟ ಏಳುನೂರು ಸ್ಟೀಲ್ ಲೋಟ. ಪ್ರತಿಯೊಂದರ ಮೇಲೂ ದಾನ ಕೊಟ್ಟವರ ಹೆಸರು ಚುಕ್ಕಿಚುಕ್ಕಿಯಾಗಿ ಕೆತ್ತಿದೆ.

ಮದುವೆ ದಿನ ಎಲ್ಲ ಸರಿಹೋಯಿತು ಅಂದರೆ ಸುಳ್ಳು. ನಮ್ಮ ಕಾಲದಲ್ಲಿ ನೀರು ಬಡಿಸೋದು ಮನೆ ಹುಡುಗರ ಕೆಲಸ, ಪಂಕ್ತಿ ಶುರುವಾದರೆ ಜಗ್ಗು ಹಿಡಿದು ಓಡುತ್ತಿದ್ದರು. ಈಗಿನ ಹುಡುಗರು ಜಗ್ಗು ಹಿಡಿದದ್ದೇ ಮೊದಲು. ಅಣ್ಣನ ಮಗ ಬೀಗರ ಕಡೆ ಒಬ್ಬರ ರೇಷ್ಮೆ ಸೀರೆ ಮೇಲೆ ಅರ್ಧ ಲೋಟ ಚೆಲ್ಲಿದ. ಎರಡನೇ ಪಂಕ್ತಿಯಲ್ಲಿ ಬಲಗಡೆ ಸಾಲಿಗೆ ನೀರು ಬರುವುದು ತಡವಾಯಿತು. ಒಬ್ಬರಿಗೆ ಹೋಳಿಗೆ ಗಂಟಲಲ್ಲಿ ಸಿಕ್ಕಿ, ನಮ್ಮ ಯಜಮಾನರು ಸ್ಟೋರಿಗೆ ಓಡಿ ಬಾಟಲನ್ನೇ ತಂದುಕೊಟ್ಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇನ್ನು ಮಂಟಪದ ಪಕ್ಕದ ಟೀಪಾಯಿ ಮೇಲೆ ಯಾರೋ ಆರು ಬಾಟಲ್ ಸಾಲಾಗಿ ಇಟ್ಟಿದ್ದರು. ಧಾರೆಯ ಎಲ್ಲ ಫೋಟೋದಲ್ಲೂ ಅವೇ ಮುಂದೆ ಬಂದಿವೆ.

ಆದರೆ ಜನ ಕುಡಿದರು. ಸುಮ್ನೆ ಕುಡಿದರು, ಯಾರೂ ಏನೂ ಕೇಳಲಿಲ್ಲ. ಲೋಟ ಎತ್ತಿ, ತುಟಿಗೆ ತಾಗಿಸದೆ, ಕತ್ತು ಹಿಂದಕ್ಕೆ ಮಾಡಿ ಗಟಗಟ ಅಂತ. ಬೀಗಿತಿ ಎರಡನೇ ಸಲ ಹಾಕಿಸಿಕೊಂಡು, "ಲಾವಂಚ ಎಲ್ಲಿ ತಗೊಂಡ್ರಿ?" ಅಂತ ಕೇಳಿದರು. ದೇವರಾಜ ಮಾರುಕಟ್ಟೆ ಅಂದೆ. ಸ್ಟೋರಿನ ನಾಲ್ಕು ಕೇಸಿನಲ್ಲಿ ಎರಡು ಹಾಗೇ ಉಳಿದವು. ಅವು ಈಗಲೂ ನಮ್ಮ ಮಂಚದ ಕೆಳಗಿವೆ. ಕಸ ಗುಡಿಸುವಾಗೆಲ್ಲ ಪೊರಕೆಗೆ ತಾಗುತ್ತವೆ.

ಮೊನ್ನೆ ಅದೇ ಛತ್ರಕ್ಕೆ ಇನ್ನೊಂದು ಮದುವೆಗೆ ಹೋಗಿದ್ದೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಯಾರಿಗೂ ಹೇಳದೆ ತಾರಸಿ ಹತ್ತಿದೆ. ಮುಚ್ಚಳದ ಮೇಲೆ ಕಲ್ಲು ಅಲ್ಲೇ ಇತ್ತು. ಕೆಳಗೆ ಇಳಿದು ಊಟಕ್ಕೆ ಕೂತರೆ ಎಲೆಗೊಂದು ಬಾಟಲ್. ಬಡಿಸುವ ಹುಡುಗನನ್ನು ಕರೆದು, "ಒಂದು ಲೋಟ ನಲ್ಲಿ ನೀರು ತಂದ್ಕೊಡಪ್ಪ" ಅಂದೆ. ಅವನು ನನ್ನ ಎಲೆ ಮುಂದಿನ ಬಾಟಲ್ ನೋಡಿದ, ನನ್ನ ಮುಖ ನೋಡಿದ. ಒಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದ.

"ಲೋಟ ಇಲ್ಲ ಮೇಡಂ. ಕಾಫಿ ಕಪ್ಪಲ್ಲಿ ಕೊಡ್ಲಾ?"

ಪೇಪರ್ ಕಪ್ಪು. ಒಳಗಡೆ ಪ್ಲಾಸ್ಟಿಕ್ಕಿನ ಪದರ ಇರುತ್ತೆ ಅಂತ ಹತ್ತನೇ ಕ್ಲಾಸಿಗೆ ನಾನೇ ಹೇಳಿಕೊಡುತ್ತೇನೆ. ಕೊಡಪ್ಪ ಅಂದೆ. ಎರಡು ಕಪ್ಪು ಕುಡಿದೆ.